ಬದಿಯಡ್ಕದಿಂದ ಟ್ಯೂಬಿಂಗೆನ್: ಮೊದಲ ಹನ್ನೆರಡು ದಿನ

ಅಕ್ಟೋಬರ್ 1, 2025, ಬುಧವಾರ

ಮಹಾನವಮಿಯ ದಿನ ನಾನು ಓದಲೆಂದು ಜರ್ಮನಿಗೆ ಹೊರಟು ಮನೆ ಬಿಡುವುದು ಅಜ್ಜಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಪುಸ್ತಕಗಳೆಲ್ಲ ದೇವರ ಕೋಣೆಯಲ್ಲಿ ಪೂಜೆಗೆ ಇದ್ದವು. ವಿಜಯದಶಮಿಯ ಬೆಳಿಗ್ಗೆ ತೆಗೆಯುವವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ಆ ರಾಶಿಯಲ್ಲಿ ನನ್ನದೊಂದು ನೀಲಿ ರಟ್ಟಿನ ನೋಟ್‌ಬುಕ್ಕೂ ಇತ್ತು. ಎರಡು ವರ್ಷ ಕೂತು ಜರ್ಮನ್ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಎದುರಿಗೆ ಅರ್ಥ ಹಾಕಿದ್ದೆ.

"ಪಾಸ್‌ಪೋರ್ಟ್ ತೆಗೊ, ಅದು ಓದುವ ಪುಸ್ತಕ ಅಲ್ಲ" ಅಂದರು ಅಜ್ಜಿ. "ನೋಟ್‌ಬುಕ್ ಮುಟ್ಟಬೇಡ. ನಾಳೆ ಬೆಳಿಗ್ಗೆ ನಾನು ತೆಗೆದಿಡ್ತೇನೆ."

ನಾಳೆ ಬೆಳಿಗ್ಗೆ ನಾನೆಲ್ಲಿರುತ್ತೇನೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ವಾದ ಮಾಡಲಿಲ್ಲ. ನೋಟ್‌ಬುಕ್ ಅಲ್ಲೇ ಉಳಿಯಿತು.

ಅಮ್ಮನ ತುಪ್ಪವೂ ಉಳಿಯಿತು. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ಯುರೋಪಿನ ಒಳಗೆ ಒಯ್ಯುವಂತಿಲ್ಲ ಎಂದು ಎಷ್ಟು ಹೇಳಿದರೂ ಅಮ್ಮ ಡಬ್ಬಿಯನ್ನು ಬಟ್ಟೆಯ ನಡುವೆ ತುರುಕುವುದು, ನಾನು ತೆಗೆಯುವುದು, ಬೆಳಿಗ್ಗೆಯಿಂದ ಮೂರು ಸಲ ಆಯಿತು. ಕೊನೆಗೆ ಪೆಟ್ಟಿಗೆ ಸೇರಿದ್ದು ಮೂರು ಕಿಲೋ ಕುಚ್ಚಲಕ್ಕಿ, ಮಾವಿನಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ದಪ್ಪ ಅವಲಕ್ಕಿ. ಹಿಂದಿನ ದಿನ ಅಪ್ಪ ಮಧೂರು ದೇವಸ್ಥಾನಕ್ಕೆ ಹೋಗಿ ತಂದ ಅಪ್ಪಕಜ್ಜಾಯದ ಕಟ್ಟು ಕೈಚೀಲದಲ್ಲಿ.

ಕುಂಬಳೆಗೆ ಇಳಿದು ಹೆದ್ದಾರಿ ಹಿಡಿದು ಮಂಜೇಶ್ವರ ದಾಟಿ ತಲಪಾಡಿ. ನಮಗೆ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲದಕ್ಕೂ ಮಂಗಳೂರೇ. ಕೇರಳ ಮುಗಿದು ಕರ್ನಾಟಕ ಶುರುವಾಗುವ ಆ ಗೆರೆಯನ್ನು ಸಾವಿರ ಸಲವಾದರೂ ದಾಟಿದ್ದೇನೆ. ಕಾರಿನಲ್ಲಿ ಅಪ್ಪ ಮಾತಾಡಲಿಲ್ಲ. ಬಜ್ಪೆಯ ಗುಡ್ಡ ಹತ್ತುವಾಗ ಒಮ್ಮೆ ಕೇಳಿದರು, "ಅಲ್ಲಿ ಗುಡ್ಡ ಉಂಟಾ?" ಉಂಟು ಅಂದೆ.

ಅಪ್ಪನ ಮನಸ್ಸಿನಲ್ಲಿದ್ದದ್ದು ಲೆಕ್ಕ ಎಂದು ನನಗೆ ಗೊತ್ತು. ಜರ್ಮನಿಯ ವೀಸಾ ಬೇಕಾದರೆ ಒಂದು ವರ್ಷದ ಖರ್ಚಿನ 11,904 ಯೂರೋ ಮೊದಲೇ ಒಂದು ಖಾತೆಯಲ್ಲಿ ಕಟ್ಟಿಡಬೇಕು. ತಿಂಗಳಿಗೆ 992 ಯೂರೋದ ಹಾಗೆ ಅದು ಬಿಡುಗಡೆಯಾಗುತ್ತದೆ. ನಮ್ಮ ದುಡ್ಡಲ್ಲಿ ಹನ್ನೆರಡು ಲಕ್ಷಕ್ಕೂ ಮಿಕ್ಕಿ. ಜರ್ಮನಿಯಲ್ಲಿ ಓದು ಪುಕ್ಕಟೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಹೋಗುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಹಾಗಿಲ್ಲ, 2017ರಿಂದ ಯುರೋಪಿನ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಹೋಗಬೇಕೆಂದಿರುವ ಮಕ್ಕಳು ಇದನ್ನು ಮೊದಲೇ ತಿಳಿದುಕೊಳ್ಳಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಇದಕ್ಕೆ ಸಾಲ ಆಗಿದೆ, ಅಡಿಕೆ ತೋಟದ ಪಟ್ಟೆ ಬ್ಯಾಂಕಿನಲ್ಲಿದೆ. ಈ ವರ್ಷ ಅಡಿಕೆಗೆ ಮಹಾಳಿ ರೋಗ ಬೇರೆ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಅಮ್ಮ ಅಳಲಿಲ್ಲ. ನಾನು ಅತ್ತೆ.

ಅಕ್ಟೋಬರ್ 2, ಗುರುವಾರ

ಮುಂಬಯಿಯಿಂದ ವಿಮಾನ ಎದ್ದಾಗ ಮಧ್ಯರಾತ್ರಿ ಕಳೆದಿತ್ತು. ಎಲ್ಲೋ ದಾರಿಯ ನಡುವೆ ಕಿಟಕಿಯ ಅಂಚು ಕೆಂಪಾಯಿತು. ಮನೆಯಲ್ಲಿ ಈಗ ಪುಸ್ತಕ ತೆಗೆಯುವ ಹೊತ್ತು. ನಮ್ಮ ಕಡೆ ಈ ದಿನ ಪುಟ್ಟ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿ ಅಕ್ಕಿಯಲ್ಲಿ ಅಕ್ಷರ ಬರೆಸುತ್ತಾರೆ. ಕನ್ನಡದವರ ಮನೆಯಲ್ಲೂ, ಮಲಯಾಳದವರ ಮನೆಯಲ್ಲೂ. ಚೀಲದಲ್ಲೊಂದು ಹೊಸ ನೋಟ್‌ಬುಕ್ ಇತ್ತು. ತೆರೆದು ಮೇಲೆ 'ಶ್ರೀ' ಹಾಕಿ ಕೂತೆ. ಏನು ಬರೆಯಬೇಕೆಂದು ತೋಚಲಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಇಳಿದು ನಡೆಯುವಾಗ ಎದುರಿನ ಫಲಕದಲ್ಲಿ ಕಂಡ ಮೊದಲ ಶಬ್ದವನ್ನೇ ನಿಂತು ಬರೆದೆ: ಆನ್‌ಕುನ್ಫ್ಟ್. ಆಗಮನ.

ಇಲ್ಲಿಂದ ಮುಂದಿನದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ವಿದ್ಯಾರ್ಥಿ ನಿವಾಸದ ಕೀಲಿಕೈ ಕೊಡುವವರು ಹೌಸ್‌ಮೈಸ್ಟರ್, ಅಂದರೆ ಕಟ್ಟಡ ನೋಡಿಕೊಳ್ಳುವವರು. ಅವರಿಗೆ ಮೊದಲೇ ಬರೆದು ಹೊತ್ತು ಗೊತ್ತುಮಾಡಿಕೊಂಡಿರಬೇಕು. ನನಗೆ ಸಿಕ್ಕಿದ್ದು ಮಧ್ಯಾಹ್ನ ಎರಡು ಗಂಟೆ. ಫ್ರಾಂಕ್‌ಫರ್ಟ್‌ನಿಂದ ಸ್ಟುಟ್‌ಗಾರ್ಟ್‌ಗೆ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ, ಅಲ್ಲಿಂದ ಟ್ಯೂಬಿಂಗೆನ್‌ಗೆ ಇನ್ನೊಂದು ಗಂಟೆ; ಧಾರಾಳ ಹೊತ್ತಿದೆ ಎಂದುಕೊಂಡಿದ್ದೆ. ಸ್ಟುಟ್‌ಗಾರ್ಟಿನಲ್ಲಿ ನೆಲದಡಿಯ ಹೊಸ ನಿಲ್ದಾಣದ ಕೆಲಸ 2010ರಿಂದ ನಡೆಯುತ್ತಿದೆ. ಎರಡು ಪೆಟ್ಟಿಗೆ ಎಳೆದುಕೊಂಡು ತಗಡಿನ ಗೋಡೆಗಳ ನಡುವೆ ಸುತ್ತಿ ಸುತ್ತಿ ಪ್ಲಾಟ್‌ಫಾರ್ಮ್ ಮುಟ್ಟಿದಾಗ ನನ್ನ ರೈಲು ರದ್ದಾಗಿದೆ ಎಂದು ಬರೆದಿತ್ತು. ಮುಂದಿನದು ಹಿಡಿದು, ಬಸ್ಸು ಹಿಡಿದು, ವಾಲ್ಡ್‌ಹೊಯ್ಸರ್ ಓಸ್ಟ್ ಎಂಬ ಗುಡ್ಡದ ಮೇಲಿನ ವಿದ್ಯಾರ್ಥಿ ವಸತಿಗೆ ತಲುಪಿದಾಗ ಮೂರೂವರೆ. ಬಾಗಿಲು ಹಾಕಿತ್ತು. ಫೋನ್ ಮಾಡಿದರೆ ಮುದ್ರಿಸಿದ ಧ್ವನಿ. ನಿಧಾನಕ್ಕೆ ಮೂರು ಸಲ ಕೇಳಿ ಅರ್ಥಮಾಡಿಕೊಂಡೆ: ನಾಳೆ ಅಕ್ಟೋಬರ್ 3, ಜರ್ಮನಿ ಒಂದಾದ ದಿನ, ದೇಶಕ್ಕೆಲ್ಲ ರಜೆ. ಆಮೇಲೆ ಶನಿವಾರ, ಭಾನುವಾರ. ಕೀಲಿಕೈ ಸೋಮವಾರ.

ನಾಲ್ಕು ರಾತ್ರಿ. ಪೆಟ್ಟಿಗೆಯ ಮೇಲೆ ಕೂತೆ. ಚಳಿ ಹನ್ನೆರಡು ಡಿಗ್ರಿಯೋ ಏನೋ, ನಮ್ಮ ಊರಿನವರಿಗೆ ಅದು ಗೊತ್ತಿರದ ಚಳಿ. ಹೋಟೆಲಿನ ದರ ನೋಡಿ ಫೋನ್ ಕೆಳಗಿಟ್ಟೆ. ಮನೆಗೆ ಫೋನ್ ಮಾಡಲು ಮನಸ್ಸಾಗಲಿಲ್ಲ, ಅಪ್ಪ ನಿದ್ದೆ ಬಿಡುತ್ತಾರೆ.

ಆಗ ಬಸ್ ಸ್ಟಾಪಿನ ಕಡೆಯಿಂದ ಫೋನಿನಲ್ಲಿ ಮಾತಾಡುತ್ತ ಒಬ್ಬರು ಬಂದರು. "ಅಮ್ಮೇ, ಞಾನ್ ಪಿನ್ನೆ ವಿಳಿಕ್ಕಾಂ." ಅಮ್ಮಾ, ಆಮೇಲೆ ಫೋನ್ ಮಾಡ್ತೇನೆ.

ಮಲಯಾಳದ ಜೊತೆ ನನ್ನ ಸಂಬಂಧ ಸರಳವಾದದ್ದಲ್ಲ. ಅಪ್ಪ ಹುಟ್ಟುವ ಮೊದಲು, 1956ರ ನವೆಂಬರ್ 1ಕ್ಕೆ, ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿದ್ದು ಹೇಳಿದಲ್ಲೇ ಉಳಿಯಿತು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಆದರೆ ಮನೆಗೆ ಬರುವ ಕಾಗದ, ಬಸ್ಸಿನ ಬೋರ್ಡು, ಕಚೇರಿಯ ಫಾರ್ಮು ಮಲಯಾಳದಲ್ಲಿ. ಫಾರ್ಮ್ ತುಂಬಿಸಲು ಅಜ್ಜಿ ಪಕ್ಕದ ಮನೆಯವರನ್ನು ಕಾಯುತ್ತಿದ್ದುದು ನನಗೆ ನೆನಪಿದೆ. 2017ರಲ್ಲಿ ಎಲ್ಲ ಶಾಲೆಗಳಲ್ಲೂ ಮಲಯಾಳ ಕಡ್ಡಾಯ ಎಂದಾಗ ಕಾಸರಗೋಡಿನಲ್ಲಿ ಕನ್ನಡಿಗರು ಬೀದಿಗಿಳಿದರು. ಆ ಗುಂಪಿನಲ್ಲಿ ಶಾಲೆಯ ಹುಡುಗಿಯಾಗಿ ನಾನೂ ಇದ್ದೆ. ಅದು ಸರಿಯಾದ ಹೋರಾಟ ಎಂದು ಈಗಲೂ ನಂಬಿದ್ದೇನೆ.

ಆ ಹೊತ್ತಿಗೆ ಮಾತ್ರ ಆ ಭಾಷೆ ಕಿವಿಗೆ ಬಿದ್ದದ್ದೇ ಎದೆ ಹಗುರಾಯಿತು. ಎದ್ದು ನಿಂತು ಕರೆದೆ. "ಚೇಚೀ, ಮಲಯಾಳಿಯಾಣೋ?" ಅಕ್ಕಾ, ಮಲಯಾಳಿಯಾ?

ಅವರು ತಿರುಗಿದರು. "ಅದೇ. ನಾಟ್ಟಿಲ್ ಎವಿಡೆಯಾ?" ಊರಲ್ಲಿ ಎಲ್ಲಿ?

"ಕಾಸರಗೋಡ್. ಬದಿಯಡ್ಕ."

"ಓ, ಕನ್ನಡಕ್ಕಾರಿ!"

ಅವರ ಊರು ಪಯ್ಯನ್ನೂರು, ನಮ್ಮ ಜಿಲ್ಲೆಯ ಅಂಚಿನಿಂದ ಸ್ವಲ್ಪ ತೆಂಕಕ್ಕೆ. ಇಲ್ಲಿ ಸಸ್ಯವಿಜ್ಞಾನದಲ್ಲಿ ಪಿಎಚ್‌ಡಿಯ ಮೂರನೇ ವರ್ಷ. ನನ್ನ ಕತೆ ಪೂರ್ತಿ ಕೇಳುವ ಮೊದಲೇ ಒಂದು ಪೆಟ್ಟಿಗೆಯ ಹಿಡಿ ಹಿಡಿದು ನಡೆಯತೊಡಗಿದ್ದರು. ರಾತ್ರಿ ಅವರ ಕೋಣೆಯ ನೆಲದಲ್ಲಿ ಯೋಗದ ಚಾಪೆ, ಅದರ ಮೇಲೆ ಕಂಬಳಿ. ಅವರು ಮಾಡಿದ ಅನ್ನ, ಹೆಸರುಬೇಳೆ ಸಾರು. ನಾನು ತಂದ ಉಪ್ಪಿನಕಾಯಿ.

ಅಕ್ಟೋಬರ್ 3, ಶುಕ್ರವಾರ

ಏಳು ಗಂಟೆಗೂ ಕತ್ತಲೆ. ನಮ್ಮಲ್ಲಾಗಲೇ ಹತ್ತೂವರೆ, ಅಪ್ಪ ತೋಟದಿಂದ ಒಂದು ಸುತ್ತು ಬಂದಿರುತ್ತಾರೆ. ಅಂಗಡಿ ಎಲ್ಲ ಮುಚ್ಚಿವೆ. ತಿಂಡಿಗೆ ಮಧೂರಿನ ಅಪ್ಪಕಜ್ಜಾಯ. ಚೇಚಿ ಒಂದನ್ನು ಕೈಗೆ ತೆಗೆದುಕೊಂಡು, ಪಯ್ಯನ್ನೂರಿನ ಸುಬ್ರಹ್ಮಣ್ಯ ದೇವಸ್ಥಾನದ ಉತ್ಸವ ನೆನಪಾಯಿತು ಎಂದು ಕಣ್ಣು ಒರೆಸಿಕೊಂಡರು. ಮೂರು ವರ್ಷದಿಂದ ಊರಿಗೆ ಹೋಗಿಲ್ಲವಂತೆ.

ಹಗಲು ಊರು ನೋಡಲು ಇಳಿದೆವು. ಟ್ಯೂಬಿಂಗೆನ್ ಚಿಕ್ಕ ಊರು, ತೊಂಬತ್ತು ಸಾವಿರದಷ್ಟು ಜನ, ಮೂರರಲ್ಲೊಬ್ಬರು ವಿದ್ಯಾರ್ಥಿ ಎನ್ನಬಹುದು. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ನೆಕ್ಕರ್ ನದಿಯ ಸೇತುವೆಯ ಮೇಲೆ ನಿಂತರೆ ಒಂದು ಬದಿಗೆ ಸಾಲು ಮನೆಗಳು ನೀರಿಗೆ ಮುಖಮಾಡಿ ನಿಂತಿವೆ, ಅವುಗಳ ನಡುವೆ ಹಳದಿ ಬಣ್ಣದ ಒಂದು ಗುಂಡು ಗೋಪುರ. ಕವಿ ಹೋಲ್ಡರ್ಲಿನ್ ಮನಸ್ಸು ಕದಡಿ 1807ರಲ್ಲಿ ಆ ಮನೆ ಸೇರಿದವನು 1843ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದ. ನೋಡಿಕೊಂಡದ್ದು ಒಬ್ಬ ಬಡಗಿಯ ಸಂಸಾರ. ಮೂವತ್ತಾರು ವರ್ಷ! ಬಂಧುಬಳಗದವರಲ್ಲ, ಬಡಗಿ. ಗೋಪುರದ ಕೆಳಗೆ ಚಪ್ಪಟೆ ತಳದ ಉದ್ದ ದೋಣಿಗಳು; ಹುಟ್ಟಿಲ್ಲ, ಹಿಂದೆ ನಿಂತವರು ಉದ್ದ ಗಳುವಿನಿಂದ ನೆಲಕ್ಕೆ ಒತ್ತಿ ನೂಕುತ್ತಾರೆ.

ಕೋಟೆಯ ಅಂಗಳಕ್ಕೆ ಹತ್ತಿದೆವು. ಈ ಕೋಟೆಯ ಹಳೆಯ ಅಡುಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲೇ 1869ರಲ್ಲಿ ಫ್ರೀಡ್ರಿಖ್ ಮೀಶರ್ ಎಂಬ ಯುವಕ ಇಂದು ನಾವು ಡಿಎನ್‌ಎ ಅನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ್ದು. ಚೇಚಿ ಅದನ್ನು ಹೇಳುವಾಗ ತನ್ನ ತರವಾಡು ಮನೆ ತೋರಿಸುವ ಹಾಗೆ ಹೇಳಿದರು. ನಾನು ನೋಡುತ್ತಿದ್ದದ್ದು ಕೆಳಗಿನ ಮಾಡುಗಳನ್ನು. ಇಡೀ ಹಳೇ ಪೇಟೆ ಕೆಂಪು ಹಂಚಿನ ಮಾಡು! ನಮ್ಮ ಅಜ್ಜಿ ಮನೆಯ ಮಾಡಿನ ಹಂಚಿನ ಅಡಿಯಲ್ಲಿ 'ಬಾಸೆಲ್ ಮಿಷನ್' ಎಂಬ ಮುದ್ರೆ ಇದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಾದವು. ಇಲ್ಲಿಯ ಹಂಚು ಬೇರೆ ತರದ್ದು, ಚಪ್ಪಟೆ, ತುದಿ ದುಂಡಗೆ, ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು. ಬಣ್ಣ ಮಾತ್ರ ಅದೇ. ಮಳೆ ಬಿದ್ದು ಪಾಚಿ ಹಿಡಿದಲ್ಲಿ ಕಪ್ಪಾಗಿರುವುದೂ ಹಾಗೆಯೇ.

"ಗುಂಡರ್ಟ್ ಓದಿದ್ದು ಇಲ್ಲಿ, ಗೊತ್ತಾ?" ಎಂದು ಚೇಚಿ ಕೇಳಿದರು. ಹರ್ಮನ್ ಗುಂಡರ್ಟ್, ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ಕೂತು ಮಲಯಾಳಕ್ಕೆ ವ್ಯಾಕರಣ ಬರೆದವರು, 1872ರಲ್ಲಿ ನಿಘಂಟು ಕೊಟ್ಟವರು. ಮಲಯಾಳದ ಮಕ್ಕಳಿಗೆ ಆ ಹೆಸರು ಶಾಲೆಯಿಂದಲೇ ಗೊತ್ತು. ಅವರ ಮಗಳ ಮಗನೇ ನೊಬೆಲ್ ಪಡೆದ ಹರ್ಮನ್ ಹೆಸ್ಸೆ. ಯೌವನದಲ್ಲಿ ಇದೇ ಪೇಟೆಯ ಒಂದು ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದ.

"ಕಿಟೆಲ್ ಸತ್ತದ್ದೂ ಇಲ್ಲೇ" ಅಂದೆ ನಾನು.

ಚೇಚಿಗೆ ಆ ಹೆಸರು ಗೊತ್ತಿರಲಿಲ್ಲ. ಕೋಟೆಯ ಕಟ್ಟೆಯ ಮೇಲೆ ಕೂತು ಹೇಳಿದೆ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮ ಕಡೆ ಬಂದರು. ಬಂದ ಕೆಲಸ ಬೇರೆಯಿತ್ತು, ಕನ್ನಡ ಅವರನ್ನು ಹಿಡಿದುಕೊಂಡಿತು. ಎಪ್ಪತ್ತು ಸಾವಿರದಷ್ಟು ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದಕ್ಕೆ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ಟ್ಯೂಬಿಂಗೆನ್ ವಿಶ್ವವಿದ್ಯಾಲಯ, 1896ರಲ್ಲಿ. ಕೊನೆಗಾಲ ಇದೇ ಊರಿನಲ್ಲಿ ಕಳೆದು 1903ರಲ್ಲಿ ತೀರಿಕೊಂಡರು. ನಮ್ಮ ಕನ್ನಡ ಟೀಚರ ಮೇಜಿನ ಮೇಲೆ ಆ ನಿಘಂಟಿನ ಮರುಮುದ್ರಣ ಇರುತ್ತಿತ್ತು. 'ಇದನ್ನು ಬರೆದವರ ತಾಯಿಮಾತು ಕನ್ನಡ ಅಲ್ಲ, ನಿಮ್ಮದು ಕನ್ನಡ, ಆದರೂ ಕಾಗುಣಿತ ತಪ್ಪು!' ಎಂದು ಅದರ ಮೇಲೆ ಕೈಯಿಟ್ಟು ಬಯ್ಯುತ್ತಿದ್ದರು.

ಕೇರಳಕ್ಕೆ ಗುಂಡರ್ಟ್, ಕನ್ನಡಕ್ಕೆ ಕಿಟೆಲ್, ಇಬ್ಬರೂ ಈ ಸಣ್ಣ ಊರಿನ ಕಲ್ಲುಹಾಸಿನ ಮೇಲೆ ನಡೆದವರು. ನಮ್ಮ ಊರಿನಲ್ಲಿ ಒಂದೇ ಕಾಗದದ ಮೇಲೆ ಜಗಳ ಆಡುವ ಎರಡು ಭಾಷೆಗಳನ್ನು ಇವರು ಅಕ್ಷರ ಅಕ್ಷರವಾಗಿ ಕೂತು ಕಲಿತರು. ಆ ಮಧ್ಯಾಹ್ನ ಪರದೇಶ ಅನ್ನುವ ಭಯ ಒಂದು ಮೆಟ್ಟಿಲು ಇಳಿದ ಹಾಗೆ ಅನಿಸಿತು. ಅದು ಪೂರ್ತಿ ಹೋಯಿತೆಂದು ಹೇಳಲಾರೆ, ರಾತ್ರಿ ಚಾಪೆಯ ಮೇಲೆ ಮತ್ತೆ ಬಂತು.

ಅಕ್ಟೋಬರ್ 4, 5

ಶನಿವಾರ ಅಂಗಡಿ ತೆರೆದಿತ್ತು. ಅಕ್ಕಿ, ಮೊಸರು, ಬಟಾಟೆ, ನೀರುಳ್ಳಿ. ನೀರಿನ ಬಾಟಲಿಗೆ ಬೆಲೆಯ ಮೇಲೆ 25 ಸೆಂಟ್ ಹೆಚ್ಚು ಹಿಡಿಯುತ್ತಾರೆ, ಖಾಲಿ ಬಾಟಲಿಯನ್ನು ಯಂತ್ರದ ಬಾಯಿಗೆ ಕೊಟ್ಟರೆ ಆ ದುಡ್ಡು ವಾಪಸು. ಈ ಊರಿನವರು ಇನ್ನೂ ಮುಂದೆ ಹೋಗಿದ್ದಾರೆ: 2022ರಿಂದ, ಬಳಸಿ ಎಸೆಯುವ ಲೋಟದಲ್ಲಿ ಕಾಫಿ ಕೊಡುವ ಅಂಗಡಿಯವರು ಲೋಟಕ್ಕೆ 50 ಸೆಂಟ್ ನಗರಕ್ಕೆ ತೆರಿಗೆ ಕಟ್ಟಬೇಕು. ಈ ತೆರಿಗೆ ಸರಿಯೆಂದು ದೇಶದ ಸಾಂವಿಧಾನಿಕ ನ್ಯಾಯಾಲಯವೂ ಈ ವರ್ಷ ಹೇಳಿದೆ. ಚೇಚಿಯ ಚೀಲದಲ್ಲಿ ಯಾವಾಗಲೂ ಒಂದು ಸ್ಟೀಲು ಲೋಟ.

ಭಾನುವಾರ ಗಂಟೆಗಳ ಸದ್ದು, ಮತ್ತೆ ಮೌನ. ಬಟ್ಟೆ ಒಗೆಯುವ ಯಂತ್ರವನ್ನೂ ಹಚ್ಚಬಾರದೆಂದರು. ಮನೆಗೆ ವಿಡಿಯೋ ಕರೆ ಮಾಡಿ, ನಡೆದದ್ದನ್ನು ಆಗ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಚೇಚಿಗೆ ಫೋನ್ ಕೊಡು ಅಂದರು. ಅಪ್ಪ ಮಲಯಾಳ ಮಾತಾಡುವುದು ಅಡಿಕೆ ವ್ಯಾಪಾರಕ್ಕೆ ಮಾತ್ರ. ಅಂದು ಪೂರ್ತಿ ಹತ್ತು ನಿಮಿಷ ಮಾತಾಡಿದರು.

ಅಕ್ಟೋಬರ್ 6, ಸೋಮವಾರ

ಕೀಲಿಕೈ ಸಿಕ್ಕಿತು. ಹೌಸ್‌ಮೈಸ್ಟರ್ ಅರುವತ್ತರ ಆಸುಪಾಸಿನವರು. "ಗ್ರ್ಯೂಸ್ ಗಾಟ್" ಎಂದು ನಮಸ್ಕಾರ ಹೇಳಿ, ಉದ್ದಕ್ಕೆ ಏನೋ ಹೇಳಿದರು. ಒಂದಕ್ಷರ ತಿಳಿಯಲಿಲ್ಲ. ಎರಡು ವರ್ಷ ಕಲಿತ ಜರ್ಮನ್ ಎಲ್ಲಿ ಹೋಯಿತು ಎಂದು ಬೆವರಿದೆ. ಕೀಲಿಕೈಯನ್ನು ಎತ್ತಿ ತೋರಿಸಿ "ಶ್ಲುಸ್ಸೆಲೆ" ಅಂದಾಗ ಹೊಳೆಯಿತು: ಇದು ಶ್ವೇಬಿಷ್, ಈ ಸೀಮೆಯ ಆಡುಮಾತು. ಪ್ರತಿ ಶಬ್ದದ ಬಾಲಕ್ಕೂ ಪ್ರೀತಿಯಿಂದ ಒಂದು 'ಲೆ' ಅಂಟಿಸುತ್ತಾರೆ. ನಾನು ಕಲಿತದ್ದು ಪುಸ್ತಕದ ಜರ್ಮನ್. ಮೈಸೂರಿನಿಂದ ನಮ್ಮ ಶಾಲೆಗೆ ಬಂದ ಮಾಷ್ಟ್ರು ಮೊದಲ ದಿನ "ಎಂತ ಉಂಟು?" ಎಂಬ ಪ್ರಶ್ನೆ ಕೇಳಿ ನಿಂತುಬಿಟ್ಟಿದ್ದರಲ್ಲ, ಹಾಗೆ. ಅದು ತಿಳಿದ ಮೇಲೆ ಹೆದರಿಕೆ ಹೋಯಿತು. ನಿಧಾನ ಹೇಳಿ ಎಂದು ಕೇಳಿದೆ, ನಿಧಾನ ಹೇಳಿದರು. ಅಡುಗೆಮನೆ ಗುಡಿಸುವ ಸರದಿ ಗೋಡೆಯ ಮೇಲಿದೆ, ಕಸಕ್ಕೆ ಕಾಗದದ್ದು ಬೇರೆ, ಹಸಿ ಬೇರೆ, ಪ್ಯಾಕೆಟ್ಟು ಬೇರೆ.

ಹನ್ನೆರಡು ಚದರ ಮೀಟರಿನ ಕೋಣೆ. ಕಿಟಕಿಯಾಚೆ ಎರಡು ಬೀಚ್ ಮರ. ನೀರು ಕಾಯಿಸುವ ಕೆಟಲ್ ಹಿಂದಿನವರು ಬಿಟ್ಟುಹೋದದ್ದು, ತಳದಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳನೆ ಪದರ. ಉಗುರಿನಿಂದ ಕೆರೆದು ನೋಡಿದೆ. ನಾನು ಕಲಿಯಲು ಬಂದ ವಿಷಯ ಮೊದಲ ದಿನವೇ ಕೆಟಲಿನ ತಳದಲ್ಲಿ ಕೂತಿತ್ತು.

ಅಕ್ಟೋಬರ್ 7, 8, 9

ಹೊಸ ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆ ಕೊಟ್ಟವರ ಸಹಿ ಇರುವ ಕಾಗದ ಕೈಯಲ್ಲಿರಬೇಕು, ಇದು ಆಗದೆ ಮುಂದಿನ ಕೆಲಸ ಸುಸೂತ್ರವಾಗಿ ಸಾಗುವುದಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ನಮ್ಮಲ್ಲಿ ಹೆಸರಿನ ಮುಂದೆ ಮನೆಯದೊಂದು, ಅಪ್ಪನದೊಂದು ಅಕ್ಷರ ಹಾಕಿದರೆ ಮುಗಿಯಿತು. ಮೇಜಿನಾಚೆಯ ಹೆಂಗಸು ಪೆನ್ನು ಕೆಳಗಿಟ್ಟು, ಇದು ಹೇಗೆ, ಹೇಳು ಎಂದರು. ಸೀದಾ ಪ್ರಶ್ನೆ, ತಮಾಷೆ ಇಲ್ಲ. ಹರಕುಮುರುಕು ಜರ್ಮನ್ನಿನಲ್ಲಿ ವಿವರಿಸಿದೆ. ಕೇಳಿ, ಅವರ ಪದ್ಧತಿಯ ಪ್ರಕಾರ ತುಂಬಿಸಿ, ಸರಿಯಾಗಿದೆಯೇ ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ನನಗೆ ಬಾರದ ಭಾಷೆಯ ಕಚೇರಿಯಲ್ಲಿ ಫಾರ್ಮನ್ನು ನನ್ನ ಕಡೆ ತಿರುಗಿಸಿದವರು ಇವರೇ ಮೊದಲು. ಅಜ್ಜಿಯ ನೆನಪಾಯಿತು.

ಆದರೆ ಬ್ಯಾಂಕಿನಿಂದ ಬರಬೇಕಾದ ಕಾಗದ ಬರಲಿಲ್ಲ. ವಿಚಾರಿಸಿದರೆ, ಅಂಚೆಯವರು ತಂದು ವಾಪಸು ಒಯ್ದಿದ್ದಾರೆ. ತಪ್ಪು ನನ್ನದು. ಇಲ್ಲಿ ಅಂಚೆಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಕೋಣೆಯ ನಂಬರು ಎಷ್ಟು ಸರಿಯಿದ್ದರೂ ಪತ್ರ ಹಾಕುವುದಿಲ್ಲ. ನಮ್ಮ ಪೋಸ್ಟ್‌ಮ್ಯಾನ್ ಕವರಿನ ಮೇಲೆ ಅಜ್ಜನ ಹೆಸರು ಕಂಡರೆ ಸಾಕು, ಅಜ್ಜ ತೀರಿ ಎಂಟು ವರ್ಷವಾದರೂ ಮನೆ ಬಾಗಿಲಿಗೆ ತರುತ್ತಾರೆ. ಕಾಗದದ ಪಟ್ಟಿಯ ಮೇಲೆ ಹೆಸರು ಬರೆದು, ಮೇಲೆ ಅಂಟುಪಟ್ಟಿ ಹಾಕಿದೆ. ಹೊರಡುವ ಮುಂಚೆ ಮನೆಯಲ್ಲೇ ಯಾರಾದರೂ ಇದನ್ನು ಹೇಳಿದ್ದರೆ ಒಂದು ವಾರ ಉಳಿಯುತ್ತಿತ್ತು.

ಅಕ್ಟೋಬರ್ 10, ಶುಕ್ರವಾರ

ವಿಭಾಗದಲ್ಲಿ ಸ್ವಾಗತ. ನಾನು ಸೇರಿದ್ದು ಅನ್ವಯಿಕ ಮತ್ತು ಪರಿಸರ ಭೂವಿಜ್ಞಾನದ ಸ್ನಾತಕೋತ್ತರಕ್ಕೆ, ಕಲಿಯಬೇಕೆಂದಿರುವುದು ಅಂತರ್ಜಲ. ದುಂಡಗೆ ಕೂರಿಸಿ, ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ, ಹೇಳಿ ಎಂದರು ಪ್ರಾಧ್ಯಾಪಕರು. ಕೊಳವೆ, ಅಣೆಕಟ್ಟು, ಬೋರ್‌ವೆಲ್ ಎಂದು ಸುತ್ತು ಬಂತು.

ನಾನು 'ಸುರಂಗ' ಅಂದೆ. ಆ ಶಬ್ದವನ್ನೇ ಹೇಳಿದೆ, ಬೇರೆ ಶಬ್ದ ಇಲ್ಲ.

ಎದ್ದು ಬೋರ್ಡಿನ ಹತ್ತಿರ ಹೋಗಿ ಚಿತ್ರ ಬರೆದೆ. ನಮ್ಮದು ಮುರಕಲ್ಲಿನ, ಅಂದರೆ ಲ್ಯಾಟರೈಟಿನ ಗುಡ್ಡ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಆದರೆ ಮುರಕಲ್ಲು ತೂತುತೂತು, ನೀರು ನಿಲ್ಲುವುದಿಲ್ಲ. ಮಾರ್ಚಿಗೆ ಬಾವಿಯ ತಳ ಕಾಣುತ್ತದೆ. ಹಾಗಾಗಿ ನಮ್ಮ ಹಿರಿಯರು ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದರು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ ಎತ್ತರ. ಪಿಕ್ಕಾಸಿನಿಂದ ಒಬ್ಬ ಕೆತ್ತುವುದು, ಇನ್ನೊಬ್ಬ ಮಣ್ಣು ಹೊರಗೆ ಹಾಕುವುದು. ಒಳಗೆ ಉಸಿರಾಟಕ್ಕೆ ತೊಂದರೆ ಉಂಟೋ ಎಂದು ತಿಳಿಯಲು ಮೋಂಬತ್ತಿ. ಅದು ಕುಗ್ಗಿದರೆ ಹೊರಗೆ ಬರಬೇಕು. ಒಸರು ಸಿಕ್ಕುವವರೆಗೆ ಹೋಗುತ್ತಲೇ ಇರುವುದು. ಕೆಲವು ನೂರಾರು ಅಡಿ ಉದ್ದ. ಸಿಕ್ಕಿದ ನೀರು ತಾನಾಗಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಎಣ್ಮಕಜೆ, ಬದಿಯಡ್ಕದ ಕಡೆ ಇಂಥವು ಸಾವಿರ ಲೆಕ್ಕದಲ್ಲಿವೆ. ನಮ್ಮ ಮನೆಯದನ್ನು ಅಜ್ಜ ಕೊರೆಸಿದ್ದು. ಬೋರ್‌ವೆಲ್‌ಗಳು ಹೆಚ್ಚಾದ ಮೇಲೆ ಬೇಸಿಗೆಯಲ್ಲಿ ಅದರ ಧಾರೆ ಬೆರಳಿನಷ್ಟು ಸಣ್ಣದಾಗಿದೆ. ಯಾಕೆ, ಎಷ್ಟು, ಇನ್ನೆಷ್ಟು ದಿನ ಎಂದು ಅಳತೆಯಿಂದ ಹೇಳಬಲ್ಲವಳಾಗಬೇಕು ಎಂದೇ ನಾನು ಬಂದದ್ದು.

ಪ್ರಾಧ್ಯಾಪಕರು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. "ಅಳತೆ ಉಂಟೇ?" ಎಂದು ಕೇಳಿದರು. ಧಾರೆಯ ಅಳತೆ, ತಿಂಗಳು ತಿಂಗಳಿನದು. ಇಲ್ಲ ಅಂದೆ. "ಹಾಗಾದರೆ ಇವತ್ತೇ ಮನೆಗೆ ಹೇಳು. ಒಂದು ಬಕೆಟ್, ಒಂದು ಗಡಿಯಾರ ಸಾಕು."

ರಾತ್ರಿ ಅಪ್ಪನಿಗೆ ಹೇಳಿದೆ. ಅಲ್ಲಿ ಬೆಳಕು ಹರಿದ ಮೇಲೆ ವಾಟ್ಸಾಪಿನಲ್ಲಿ ಬಂತು: ಹತ್ತು ಲೀಟರಿನ ಬಕೆಟು, ತುಂಬಲು 38 ಸೆಕೆಂಡು. ಕೆಳಗೆ ಇನ್ನೊಂದು ಸಾಲು: 'ಮೂರು ಸಲ ನೋಡಿದೆ. ಅಜ್ಜಿ ಎಣಿಸಿದರು.'

ಅಕ್ಟೋಬರ್ 11, ಶನಿವಾರ

ವಿಭಾಗದವರು ಬಾಡ್ ಉರಾಖ್‌ಗೆ ಕರೆದೊಯ್ದರು, ಶ್ವೇಬಿಷ್ ಆಲ್ಬ್ ಎಂಬ ಸುಣ್ಣಕಲ್ಲಿನ ಬೆಟ್ಟಸಾಲಿನ ಅಂಚಿಗೆ. ರೈಲಿಳಿದು ಕಾಡಿನ ದಾರಿ. ಬೀಚ್ ಎಲೆಗಳು ಹಳದಿ, ತಾಮ್ರ, ಕಂದು; ಕಾಲಡಿಯಲ್ಲಿ ಮೆತ್ತಗೆ. ಇಲ್ಲಿಯ ಮಳೆ ನಮ್ಮದಕ್ಕಿಂತ ಎಷ್ಟೋ ಕಡಿಮೆ, ಆದರೂ ಎಲ್ಲೆಲ್ಲೂ ತೇವ. ಕಾಡಿನ ಕೊನೆಗೆ ಜಲಪಾತ, 37 ಮೀಟರ್ ಒಂದೇ ಬೀಳು. ಅದು ಬೀಳುವುದು ತಾನೇ ಕಟ್ಟಿಕೊಂಡ ಕಲ್ಲಿನ ಮೇಲಿನಿಂದ. ಬೆಟ್ಟದೊಳಗೆ ಸುಣ್ಣವನ್ನು ಕರಗಿಸಿಕೊಂಡು ಬಂದ ನೀರು ಹೊರಗೆ ಗಾಳಿಗೆ ಬಂದೊಡನೆ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ಹಿಡಿದಿಟ್ಟ ಸುಣ್ಣ ಪಾಚಿಯ ಮೇಲೆ ಕೂರುತ್ತದೆ, ಪಾಚಿ ಕಲ್ಲಾಗುತ್ತದೆ, ಅದರ ಮೇಲೆ ಮತ್ತೆ ಪಾಚಿ. ಕೆಟಲಿನ ತಳದಲ್ಲಿ ಆಗುವುದೂ ಇದೇ, ಅಲ್ಲಿ ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ಗಾಳಿ ಮಾಡುತ್ತದೆ. ನಮ್ಮ ಮುರಕಲ್ಲಿನ ನೀರಿನಲ್ಲಿ ಸುಣ್ಣ ಇಲ್ಲವೆಂದೇ ಹೇಳಬಹುದು, ಅಮ್ಮನ ಪಾತ್ರೆಯ ತಳ ಎಂದೂ ಬೆಳ್ಳಗಾದದ್ದಿಲ್ಲ. ನೀರನ್ನು ಬೊಗಸೆಯಲ್ಲಿ ಹಿಡಿದೆ. ತಣ್ಣಗೆ, ಸುರಂಗದ ಬಾಯಿಯ ನೀರಿಗಿಂತ ಎಷ್ಟೋ ತಣ್ಣಗೆ.

ಅಕ್ಟೋಬರ್ 12, ಭಾನುವಾರ

ಸಂಜೆ ಚೇಚಿಯನ್ನು ನನ್ನ ಕೋಣೆಗೆ ಊಟಕ್ಕೆ ಕರೆದೆ. ಕುಚ್ಚಲಕ್ಕಿ ಗಂಜಿ, ಸುಟ್ಟ ಹಲಸಿನ ಹಪ್ಪಳ, ಉಪ್ಪಿನಕಾಯಿ. ಕುಚ್ಚಲಕ್ಕಿ ಬೇಯಲು ಒಂದು ಗಂಟೆ ಬೇಕು. ಅಷ್ಟು ಹೊತ್ತು ವಿಶ್ವವಿದ್ಯಾಲಯದ ಗ್ರಂಥಾಲಯದವರು ಅಂತರ್ಜಾಲಕ್ಕೆ ಹಾಕಿರುವ ಗುಂಡರ್ಟರ ಸಂಗ್ರಹ ತೆರೆದು ಕೂತೆವು. ಮಲಯಾಳದ್ದೇ ಹೆಚ್ಚು, ನಡುವೆ ಕನ್ನಡವೂ ತುಳುವೂ ಇದೆ. ಮಂಗಳೂರಿನಲ್ಲಿ ಅಚ್ಚಾದ ಹಳೆಯ ಕನ್ನಡ ಪುಟವೊಂದನ್ನು ದೊಡ್ಡದು ಮಾಡಿ ಚೇಚಿಗೆ ಓದಿ ಹೇಳಿದೆ. ಅವರು ಮಲಯಾಳದ ಒಂದು ಕೈಬರಹ ಓದಲು ಹೋಗಿ ಎರಡನೇ ಸಾಲಿಗೇ ತಡವರಿಸಿದರು, ಹಳೆಯ ಅಕ್ಷರ. ನನಗೆ ಅದರಲ್ಲಿ ಕೆಲವು ಅಕ್ಷರ ಕನ್ನಡಕ್ಕಿಂತ ತುಳುವಿನ ಹಳೆ ಲಿಪಿಯ ಹಾಗೆ ಕಂಡವು.

ಆಮೇಲೆ ಗಾದೆಗೆ ಇಳಿದೆವು. ಚೇಚಿ "ಮುಟ್ಟತ್ತೆ ಮುಲ್ಲಯ್ಕ್ ಮಣಮಿಲ್ಲ" ಅಂದರು, ಅಂಗಳದ ಮಲ್ಲಿಗೆಗೆ ಪರಿಮಳ ಇಲ್ಲ. ನಮ್ಮ ಹಿತ್ತಲ ಗಿಡ ಮದ್ದಲ್ಲ. "ಪಲತುಳ್ಳಿ ಪೆರುವೆಳ್ಳಂ" ಅಂದರು. ಅದಕ್ಕೆ ಅರ್ಥ ಕೇಳಬೇಕಾಗಲಿಲ್ಲ, ಹನಿ ಹನಿ ಕೂಡಿದರೆ ಹಳ್ಳ. ಹೊಸ ನೋಟ್‌ಬುಕ್ಕಿನಲ್ಲಿ ಎರಡೇ ಕಾಲಮ್ಮು ಎಳೆದಿದ್ದೆ, ಜರ್ಮನ್ ಮತ್ತು ಕನ್ನಡ. ಸ್ಕೇಲ್ ಇಟ್ಟು ಮೂರನೆಯದನ್ನೂ ಎಳೆದೆ. 'ತುಳ್ಳಿ'ಯ ಸಾಲಿನಲ್ಲಿ ಹನಿ, ಟ್ರೊಪ್ಫನ್. ಚೇಚಿ ನನ್ನ ಮಲಯಾಳ ಕಾಗುಣಿತ ತಿದ್ದಿದರು.

ನೀಲಿ ನೋಟ್‌ಬುಕ್ಕಿನ ಪುಟಗಳನ್ನು ಅಪ್ಪ ಒಂದೊಂದಾಗಿ ಫೋಟೋ ತೆಗೆದು ಕಳಿಸುತ್ತಿದ್ದಾರೆ, ದಿನಕ್ಕೆ ಹತ್ತು. ಮೊದಲ ಪುಟದಲ್ಲಿ ವಿಜಯದಶಮಿಯ ಕುಂಕುಮ ಅಂಟಿದೆ.

ನಾಳೆ ತರಗತಿ ಶುರು. ವೇಳಾಪಟ್ಟಿಯಲ್ಲಿ '8 ಸಿ.ಟಿ.' ಎಂದಿದೆ, ಎಂಟೂಕಾಲು ಎಂದು ಅದರ ಅರ್ಥವಂತೆ. ನಾನು ಎಂಟಕ್ಕೇ ಹೋಗುತ್ತೇನೆ. ಗಂಜಿ ಸ್ವಲ್ಪ ಉಳಿದಿದೆ, ಬೆಳಿಗ್ಗೆಗೆ ಆಗುತ್ತದೆ.